ಮುಕ್ಕಾಲು ದಾಟಿದ ಕಾರು

ಕಲ್ಲಿಗೆ ತಗಡು ಉಜ್ಜಿದ ಸದ್ದು ಶಿಮೊನಿತಾದ ಅಷ್ಟೂ ಗುಡ್ಡಗಳನ್ನು ಒಂದು ಸುತ್ತು ಹಾಕಿ ಬಂದು ಕುನಿಹಾರುವಿನ ಬೆನ್ನುಹುರಿಯೊಳಗೆ ಇಳಿಯಿತು. ಅವನು ಬ್ರೇಕ್ ಒತ್ತಿದ. ಒತ್ತುವ ಅಗತ್ಯವೇನೂ ಇರಲಿಲ್ಲ. ಕಾರು ತಾನಾಗಿಯೇ ನಿಂತಿತ್ತು. ಇನ್ನು ಭೂಕಂಪವಾಗಿ ಇಡೀ ಜಪಾನು ಸಮುದ್ರ ಸೇರಿದರೂ ಅಲ್ಲಾಡುವುದಿಲ್ಲ ಎಂಬಂತೆ, ಹೆಬ್ಬಾಗಿಲ ಎರಡು ಕಲ್ಲುಕಂಬಗಳ ನಡುವೆ, ಸೀಸೆಗೆ ಜಡಿದ ಬಿರಡೆಯ ಹಾಗೆ ಕೂತುಬಿಟ್ಟಿತ್ತು.

ಬೆಳಗಿನ ಏಳೂವರೆ. ಕಾರಿನ ಮೂತಿ, ಮುಂದಿನ ಚಕ್ರ, ಮುಂದಿನ ಎರಡು ಬಾಗಿಲು ಬೀದಿಯಲ್ಲಿದ್ದವು. ಹಿಂದಿನ ಚಕ್ರಗಳ ಉಬ್ಬಿದ ಪಕ್ಕೆಗಳು ಕಂಬಗಳ ನಡುವೆ ಸಿಕ್ಕಿಕೊಂಡಿದ್ದವು. ಬಾಲ ಇನ್ನೂ ನಾಗುಮೊ ಮನೆಯ ಅಂಗಳದಲ್ಲೇ ಇತ್ತು.

ಎದುರು ಸಾಲಿನ ಕ್ಷೌರದಂಗಡಿಯ ಫುಕುಯೊ ಬೀದಿ ಗುಡಿಸುತ್ತಿದ್ದವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಆ ಪೊರಕೆ ಅವಳ ಕೈಬಿಟ್ಟಿದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು.

"ಅಳಿಯಂದಿರೇ, ಹೊರಗೆ ಬರ್ತಿದೀರೋ ಒಳಗೆ ಹೋಗ್ತಿದೀರೋ?"

"ಹೊರಗೆ ಅಕ್ಕ," ಎಂದ ಕುನಿಹಾರು ಗಾಜು ಇಳಿಸಿ.

"ಹಾಗಾದ್ರೆ ಬನ್ನಿ ಮತ್ತೆ. ನಾಚ್ಕೋಬೇಡಿ."

ಅವನು ರಿವರ್ಸ್ ಗೇರ್ ಹಾಕಿದ. ಎಂಜಿನ್ನು ಹುಲಿಯಂತೆ ಕೂಗಿತು, ಚಕ್ರಗಳು ಹೊಗೆಯಾಡಿದವು, ಸುಟ್ಟ ರಬ್ಬರಿನ ವಾಸನೆಗೆ ಮೂರು ಬೀದಿಯ ಬೆಕ್ಕುಗಳು ಸೀನಿದವು. ಕಾರು ಮಾತ್ರ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಈ ಕಾರು ಸಾಮಾನ್ಯದ್ದಲ್ಲ. 1972ರ ಬ್ಲೂಬರ್ಡ್ ಸ್ಟೇಷನ್ ವ್ಯಾಗನ್. ಮಾವ ತೊಕುಜಿ ಹೊಸದಾಗಿ ಕೊಂಡು ತಂದಿದ್ದು. ಮೂರೇ ವರ್ಷ ಓಡಿ ಆಮೇಲೆ ಕೊಟ್ಟಿಗೆ ಸೇರಿದ್ದು. ಆರು ವರ್ಷದ ಕೆಳಗೆ ಕುನಿಹಾರು ಅದರ ಟಾರ್ಪಾಲು ಎತ್ತಿದಾಗ ಒಳಗೆ ಇಲಿಗಳು ಮೊಮ್ಮಕ್ಕಳು ಮರಿಮಕ್ಕಳ ಸಮೇತ ನಲವತ್ತು ತಲೆಮಾರಿನ ಸಂಸಾರ ಹೂಡಿದ್ದವು. ನೆಲದ ತಗಡು ತುಕ್ಕು ತಿಂದು, ಸೀಟಿನ ಮೇಲೆ ಕೂತು ಕೆಳಗಿನ ಮಣ್ಣು ನೋಡಬಹುದಿತ್ತು. ವಾರಕ್ಕೊಂದು ಭಾನುವಾರ, ಅದೂ ಮಧ್ಯಾಹ್ನದ ಮೇಲೆ, ಕುನಿಹಾರು ಆ ತುಕ್ಕನ್ನು ಕೆರೆದ. ಕೆರೆದ ತುಕ್ಕನ್ನು ಕೂಡಿಟ್ಟಿದ್ದರೆ ಇನ್ನೊಂದು ಕಾರು ಮಾಡಬಹುದಿತ್ತು. ಹೊಸ ತಗಡು ಕತ್ತರಿಸಿ ಬೆಸೆದ, ಕಾರ್ಬುರೇಟರನ್ನು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಹರಡಿ ಹೆಂಡತಿಯಿಂದ ಬೈಸಿಕೊಂಡ, ಸ್ಪ್ರಿಂಗು ಬದಲಾಯಿಸಿ ಕಾರನ್ನು ನಾಲ್ಕು ಬೆರಳು ಕೆಳಕ್ಕಿಳಿಸಿದ, ಪಕ್ಕಗಳಿಗೆ ಮರದ ಪಟ್ಟಿ ಕೂರಿಸಿದ. ಬಣ್ಣವನ್ನಂತೂ ಹದಿನೇಳು ಸಲ ಕಲಸಿ, ಹದಿನೇಳು ಸಲ ಚೆಲ್ಲಿ, ಹದಿನೆಂಟನೇ ಸಲಕ್ಕೆ ತನ್ನ ಹುಟ್ಟೂರು ಮಿಯಾಕೊದ ಸಮುದ್ರದ ಬಣ್ಣ ಬಂತೆಂದು ಒಪ್ಪಿಕೊಂಡ.

ಇಪ್ಪತ್ತಾರು ವರ್ಷದ ಕೆಳಗೆ ಅವನು ಮನೆಅಳಿಯನಾಗಿ ಈ ಊರಿಗೆ ಬಂದವನು. ಓಯಿಕಾವಾ ಎಂಬ ತನ್ನ ಮನೆತನದ ಹೆಸರನ್ನು ಪುರಸಭೆಯ ಕಾಗದದಲ್ಲಿ ಬಿಟ್ಟು ನಾಗುಮೊ ಆದವನು. ಮಾವನನ್ನು ಅಪ್ಪ ಎಂದು ಕರೆಯಬೇಕಾದವನು. ನಾಗುಮೊ ಮನೆಯವರದು ಕೊನ್ನ್ಯಾಕು ಮಾಡುವ ಕಸುಬು. ಸುವರ್ಣಗೆಡ್ಡೆಯ ದಾಯಾದಿಯಂಥ ಒಂದು ಗೆಡ್ಡೆಯನ್ನು ಅರೆದು, ಕುದಿಸಿ, ಸುಣ್ಣದ ನೀರು ಹಾಕಿ ಗಟ್ಟಿ ಮಾಡಿದರೆ ಅದು ಕೊನ್ನ್ಯಾಕು. ಇಡೀ ಪ್ರಾಂತ್ಯ ಅದನ್ನು ತಿನ್ನುತ್ತದೆ. ಹಬ್ಬದಲ್ಲಿ ಎರಡು ಪಟ್ಟು ತಿನ್ನುತ್ತದೆ. ಹಾಗಾಗಿ ಲೋಕ ಊರಿಗೆ ಹೋಗುವ ದಿನಗಳಲ್ಲೆಲ್ಲ ಕುನಿಹಾರು ಹಂಡೆಯ ಮುಂದೆ ನಿಂತಿರುತ್ತಿದ್ದ. ಮಿಯಾಕೊಗೆ ಕಡೆಯ ಸಲ ಹೋಗಿದ್ದು ಹನ್ನೊಂದು ವರ್ಷದ ಕೆಳಗೆ, ಹೆತ್ತ ತಂದೆಯ ಮಣ್ಣಿಗೆ. ಬೆಳಗ್ಗೆ ಇಳಿದು ಸಂಜೆ ರೈಲು ಹತ್ತಿದ್ದ.

"ಒಂದು ಸಲ ರಾತ್ರಿ ಮಲಗಿ ಹೋಗೋ," ಎಂದಿದ್ದಳು ತಾಯಿ. ನಾಳೆ ಅವಳಿಗೆ ಎಂಬತ್ತೆಂಟು ತುಂಬುತ್ತದೆ. ಆ ವಯಸ್ಸು ಮುಟ್ಟಿದವರಿಗೆ ಚಿನ್ನದ ಬಣ್ಣದ ಕುಬಸ ತೊಡಿಸಿ, ಬಂಧುಬಳಗವೆಲ್ಲ ಸೇರಿ ಊಟಕ್ಕೆ ಕೂರುವ ದಿನ.

ರಜೆ ಕೇಳಲು ಅವನು ಒಂದು ವರ್ಷದಿಂದ ಬಾಯಿ ತೆರೆದು ಮುಚ್ಚಿದ್ದ. ಹೋದ ಬೇಸಿಗೆಯಲ್ಲಿ ತೆರೆದ ಬಾಯಿಂದ ಮಾತೂ ಬಂತು. ಆಗ ತೊಕುಜಿ ಚಹಾ ಕುಡಿಯುತ್ತ, ತುಕ್ಕಿನ ಕಾರಿನತ್ತ ಗಲ್ಲ ಎತ್ತಿ ಹೇಳಿದ್ದ: "ಅದು ತನ್ನ ಕಾಲ ಮೇಲೆ ನಮ್ಮ ಬಾಗಿಲು ದಾಟಿದ ದಿನ ಹೋಗು. ಮೂರು ದಿನ. ನಾನು ಹಂಡೆ ನೋಡ್ಕೋತೀನಿ." ಆಗಲಾರದ ಕೆಲಸಕ್ಕೆ ಗಂಟು ಹಾಕಿ ಕೊಟ್ಟ ಮಾತು ಅದು. ಬೇರೆ ಯಾವನಾದರೂ ನಕ್ಕು ರೈಲಿನ ಟಿಕೆಟ್ಟು ತರುತ್ತಿದ್ದ. ಕುನಿಹಾರು ಮಾತ್ರ ಮರುದಿನದಿಂದ ಊಟದ ಬಿಡುವಿನಲ್ಲೂ ಕಾರಿನ ಕೆಳಗೆ ಮಲಗತೊಡಗಿದ.

ಈಗ ಮುಂದೆ ಬೀದಿ ಇತ್ತು, ಅವನ ಕೈಯಲ್ಲಿ ಸ್ಟೀರಿಂಗು ಇತ್ತು, ಗಾಜಿನ ಕೆಳಗೆ ಪುರಸಭೆಯಿಂದ ತಂದ ತಾತ್ಕಾಲಿಕ ನಂಬರಿನ ಚೀಟಿ ಇತ್ತು. ಒಂಬತ್ತಕ್ಕೆ ಪಟ್ಟಣದಲ್ಲಿ ಸರ್ಕಾರಿ ತಪಾಸಣೆ. ಪಾಸಾದರೆ ನಂಬರ್ ಪ್ಲೇಟು. ಪ್ಲೇಟು ಬಿದ್ದರೆ ಸಮುದ್ರದವರೆಗೆ ಹೆದ್ದಾರಿ.

ಹಿಂದಿನ ಬಾಗಿಲು ಮೇಲಕ್ಕೆ ತೆರೆದುಕೊಂಡಿತು. ಸಾಮಾನು ತುಂಬುವ ಆ ಅಗಲ ಬಾಯಲ್ಲಿ ಹೆಂಡತಿ ಸುಮಿಯೆಯ ಮುಖ ಕಾಣಿಸಿತು. ಅವಳ ಪಕ್ಕದಲ್ಲಿ, ಸುಣ್ಣದ ಕಲೆಯ ಏಪ್ರನ್ನಿನಲ್ಲಿ, ಎಂಬತ್ತನಾಲ್ಕರ ತೊಕುಜಿ.

"ಕೂದಲೆಳೆಯಷ್ಟೂ ವ್ಯತ್ಯಾಸ ಬಿಡದೆ ಎಲ್ಲ ಅಳೀತಿದ್ರಲ್ಲ," ಎಂದಳು ಸುಮಿಯೆ. "ಬಾಗಿಲು ಅಳೀಲಿಲ್ವಾ?"

"ಅಳೆದಿದ್ದೆ. ಶರತ್ಕಾಲದಲ್ಲಿ. ಎರಡು ಕಡೆಗೂ ಎರಡೆರಡು ಬೆರಳು ಜಾಗ ಇತ್ತು."

"ಮತ್ತೆ?"

"ಆಮೇಲೆ ಅಗಲದ ಟೈರು ಹಾಕಿದ್ನಲ್ಲ. ಟೈರು ತಗಡಿನಿಂದ ಆಚೆ ಇಣುಕಿದ್ರೆ ತಪಾಸಣೆಯವರು ಬಿಡಲ್ಲ. ಅದಕ್ಕೇ ಚಳಿಗಾಲದಲ್ಲಿ ಹಿಂದಿನ ತಗಡು ಉಬ್ಬಿಸಿದೆ. ಒಂದೊಂದು ಕಡೆ ಮೂರು ಬೆರಳು."

ಅಂದರೆ ಸರ್ಕಾರಕ್ಕೆ ಹೆದರಿ ಅಗಲ ಮಾಡಿದ ಕಾರು ಮನೆಯ ಬಾಗಿಲಲ್ಲಿ ಸಿಕ್ಕಿಬಿದ್ದಿತ್ತು. ತಿರುಪು ಹಾಕಿ ಕೂರಿಸಿದ್ದರೆ ಬಿಚ್ಚಬಹುದಿತ್ತು. ಆದರೆ ಕುನಿಹಾರು ಬೆಸುಗೆ ಹಾಕಿದ್ದ. ಕೂಡಿಸಿದ ಗೆರೆ ದೇವರ ಕಣ್ಣಿಗೂ ಕಾಣದಂತೆ ಉಜ್ಜಿ, ಅದರ ಮೇಲೆ ಸಮುದ್ರ ಬಳಿದಿದ್ದ.

ತೊಕುಜಿ ಬಗ್ಗಿ ಎಡಗಂಬ ನೋಡಿದ, ಬಲಗಂಬ ನೋಡಿದ. ಬಲಗಂಬದ ಮೇಲೆ ನಾಗುಮೊ ಎಂದು ಕೆತ್ತಿದ ಹಲಗೆ. ಆ ಕಂಬಗಳನ್ನು ನೆಟ್ಟ ಹಿರಿಯನಿಗೂ ಗಂಡುಮಕ್ಕಳಿರಲಿಲ್ಲ. ಅಂದಿನಿಂದ ಇಂದಿನವರೆಗೆ ನಾಲ್ಕು ತಲೆಮಾರು ಅಳಿಯಂದಿರನ್ನು ತಂದು ಹೆಸರು ಉಳಿಸಿಕೊಂಡ ಮನೆ ಅದು.

"ಎಷ್ಟು ದಾಟಿದೆ?" ಎಂದ ಮುದುಕ.

"ಮುಕ್ಕಾಲು ದಾಟಿದೆ, ಅಪ್ಪ."

"ಮೂರು ದಿನದಲ್ಲಿ ಮುಕ್ಕಾಲು ಅಂದ್ರೆ ಎಷ್ಟು?"

"ಎರಡೂಕಾಲು."

"ಲೆಕ್ಕ ಬರುತ್ತೆ. ಅಳತೆ ಬರಲ್ಲ."

ಬೀದಿಯ ಕಡೆಯಿಂದ ಫುಕುಯೊ ಕೂಗಿದಳು, "ತೊಕುಜಿಯವರೇ, ನಮ್ಮಲ್ಲಿ ಒಂದು ಡಬ್ಬ ಸೋಪಿನ ನೊರೆ ಇದೆ! ಸವರಿ ಎಳೆಯೋಣ್ವಾ?"

"ನಿನ್ನ ಗಿರಾಕಿಗಳ ಗಲ್ಲಕ್ಕೆ ಸವರು!"

"ರೈಲಿದೆಯಲ್ಲ," ಎಂದಳು ಸುಮಿಯೆ ಮೆಲ್ಲಗೆ, ಅಪ್ಪನ ಮುಖ ನೋಡದೆ, ಕಾರಿನೊಳಗೆ ಗಂಡನ ತಲೆಯ ಹಿಂಭಾಗ ನೋಡುತ್ತ. "ಎಂಟೂ ಹತ್ತಕ್ಕೆ. ಮುಂದಿನ ಬಾಗಿಲು ತೆಗೆಯುತ್ತಲ್ಲ."

ಕುನಿಹಾರು ಬಲಗಡೆಯ ಹಿಡಿಕೆಯ ಮೇಲೆ ಕೈಯಿಟ್ಟ. ಅದನ್ನು ತಾನೇ ಪಾಲಿಷ್ ಮಾಡಿ, ತಾನೇ ಎಣ್ಣೆ ಬಿಟ್ಟಿದ್ದ. ಬೆರಳು ಸೋಕಿದರೆ ಸಾಕು, ತೆರೆಯುತ್ತಿತ್ತು. ಬಾಗಿಲಾಚೆ ಬೀದಿ. ಬೀದಿಯ ಎಡಕ್ಕೆ ಹತ್ತು ನಿಮಿಷ ನಡೆದರೆ ನಿಲ್ದಾಣ. ಕೈ ಅಲ್ಲೇ ಇತ್ತು. ಇಪ್ಪತ್ತಾರು ವರ್ಷ ಐವತ್ತು ಕಿಲೋ ಗೆಡ್ಡೆಯ ಮೂಟೆಗಳನ್ನು ಆಟಿಕೆಯಂತೆ ಎತ್ತಿ ಒಗೆದ ಕೈ ಈಗ ಒಂದು ಹಿಡಿಕೆಯನ್ನು ಎಳೆಯಲಾರದೆ ಹೋಯಿತು. ಕಾರು ದಾಟಿಲ್ಲ. ಮಾತು ಕಾರಿನದು. ಒಳಗೆ ಹಂಡೆಗೆ ಬೆಂಕಿ ಹಾಕುವ ಹೊತ್ತೂ ಆಗಿತ್ತು. ಅವನು ಹಿಡಿಕೆ ಬಿಟ್ಟು, ಸೀಟುಗಳ ಮೇಲೆ ತೆವಳಿ ಅಂಗಳದ ಕಡೆಗೇ ಇಳಿಯಲು ತಿರುಗಿದ.

ತಿರುಗಿದರೆ ತೊಕುಜಿ ಎದುರಿಗೇ ಬರುತ್ತಿದ್ದ. ಚಪ್ಪಲಿ ಅಂಗಳದಲ್ಲಿ ಬಿಟ್ಟು, ಏಪ್ರನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಸಾಮಾನಿನ ಜಾಗ ದಾಟಿ, ಹಿಂದಿನ ಸೀಟಿನ ಬೆನ್ನು ಹತ್ತುತ್ತಿದ್ದ. ಸುಮಿಯೆ "ಅಪ್ಪಾ, ಸೊಂಟ!" ಎಂದು ಕೂಗಿದಳು. ಮುದುಕ ಕೇಳಿಸಿಕೊಳ್ಳಲಿಲ್ಲ. ಅಷ್ಟು ದೂರ ತೆವಳಲು ಅವನಿಗೆ ಹಿಡಿದ ಹೊತ್ತಿನಲ್ಲಿ ಕುನಿಹಾರು ಮಿಯಾಕೊಗೆ ಹೋಗಿ ಊಟ ಮುಗಿಸಿ ಬರಬಹುದಿತ್ತು. ಕೊನೆಗೆ ಎಡಗಡೆಯ ಸೀಟಿಗೆ ಜಾರಿ, ಉಸಿರು ಎಳೆದುಕೊಂಡು, ಗಾಜಿನಾಚೆ ನೋಡುತ್ತ ಕೂತ.

"ಮೆತ್ತಗಿದೆ," ಎಂದ ಸೀಟು ಒತ್ತಿ.

"ಹೊಸ ಸ್ಪಂಜು ಹಾಕಿದೀನಿ."

"ಇದನ್ನ ಯಾಕೆ ತಗೊಂಡೆ ಗೊತ್ತಾ ನಿಂಗೆ?"

"ಅಂಗಡಿಗೆ ಅಲ್ವಾ?"

"ಅಂಗಡಿಗೆ ಟ್ರಕ್ಕಿತ್ತು." ಮುದುಕ ಗಲ್ಲವನ್ನು ಬಲಕ್ಕೆ ತಿರುಗಿಸಿದ. "ನಾನು ನನ್ಮೋಕುವಿನವನು. ಈ ಬೀದೀಲಿ ಬಲಕ್ಕೆ ತಿರುಗಿ ನದಿ ಹಿಡಿದ್ರೆ ಹದಿನಾಲ್ಕು ಕಿಲೋಮೀಟರು. ಇಲ್ಲಿಗೆ ಬಂದು ಅರವತ್ತೆರಡು ವರ್ಷ ಆಯ್ತು. ನಾಲ್ಕು ಸಲ ಹೋಗಿದೀನಿ. ನಾಲ್ಕೂ ಸಾವಿಗೆ."

ಎಂಜಿನ್ನು ಮೆಲ್ಲಗೆ ಗುನುಗುತ್ತಿತ್ತು.

"ನನ್ನ ಹೆತ್ತಮ್ಮನ್ನ ಕೂರಿಸ್ಕೊಂಡು ಒಂದು ಸುತ್ತು ಹೋಗೋಣ ಅಂತ ತಗೊಂಡೆ. ಮನೆಗೆ ಬಂದ ದಿನಾನೇ ನಮ್ಮತ್ತೆ ಹಿಂದುಗಡೆ ಗೆಡ್ಡೆ ತುಂಬಿಸಿದ್ರು. ಇಳಿಸಿದೆ. ಮಾರನೇ ದಿನ ಮತ್ತೆ ತುಂಬಿಸಿದ್ರು. ಮೂರು ವರ್ಷ ಅವರು ತುಂಬಿಸೋದು, ನಾನು ಇಳಿಸೋದು." ತೊಕುಜಿ ಮೂಗು ಉಜ್ಜಿಕೊಂಡ. "ಆಮೇಲೆ ಇಳಿಸೋ ಕೆಲಸ ಉಳೀಲಿಲ್ಲ. ಅಮ್ಮ ಹೋದ್ಲು."

ಹೊರಗೆ ಫುಕುಯೊಳ ಪೊರಕೆ ಮತ್ತೆ ಶುರುವಾಗಿತ್ತು. ಒಂದೇ ಜಾಗವನ್ನು ಗುಡಿಸುತ್ತಿತ್ತು.

"ಏಳು," ಎಂದ ತೊಕುಜಿ. "ಆ ಸೀಟಿಗೆ ನಾನು ಬರ್ತೀನಿ."

"ಯಾಕಪ್ಪ?"

"ಕಾರಿನಲ್ಲಿ ಯಾರಾದ್ರೂ ಇರ್ಬೇಕಲ್ಲ. ಬ್ರೇಕ್ ಒತ್ತಿ ಹಿಡೀಬೇಕು. ಉರುಳಿಬಿಟ್ರೆ?"

"ಇದು ಎಲ್ಲಿ ಉರುಳುತ್ತೆ ಅಪ್ಪ, ಎರಡು ಕಡೆ ಕಲ್ಲು..."

"ಏಳು ಅಂದ್ರೆ ಏಳೋ!"

ಆ ಕೂಗಿಗೆ ಕ್ಷೌರದಂಗಡಿಯ ಗಾಜು ಅದುರಿತು. ಕುನಿಹಾರುವಿನ ಕೈ ಹಿಡಿಕೆ ಎಳೆಯಿತು. ಎಳೆದ ಮೇಲೆ ಅವನಿಗೆ ಗೊತ್ತಾಯಿತು. ಹೊಸ ಕಾರ್ಪೆಟ್ಟಿಗೆ ಮಣ್ಣಾಗಬಾರದೆಂದು ಬೂಟು ಅಂಗಳದಲ್ಲೇ ಬಿಟ್ಟು ಹತ್ತಿದ್ದ. ಬರೀ ಕಾಲುಚೀಲದಲ್ಲಿ ಬೀದಿಯ ತಣ್ಣನೆ ಡಾಂಬರಿನ ಮೇಲೆ ನಿಂತ. ಸುಮಿಯೆ ಬೂಟುಗಳನ್ನು ಸೀಟುಗಳ ಮೇಲಿಂದ ಒಂದೊಂದಾಗಿ ಎಸೆದಳು. ಆಮೇಲೆ ಬಟ್ಟೆಯಲ್ಲಿ ಕಟ್ಟಿದ ಪೆಟ್ಟಿಗೆಯನ್ನು ತಳ್ಳಿದಳು.

"ಅತ್ತೆಗೆ ಕೊಡಿ. ನಮ್ಮನೇದೇ ಕೊನ್ನ್ಯಾಕು. ತೆಳ್ಳಗೆ ಹೆಚ್ಚೋಕೆ ಹೇಳಿ, ಹಲ್ಲಿಲ್ಲ ಅವರಿಗೆ."

"ಹಂಡೆ?" ಎಂದ ಕುನಿಹಾರು.

"ನಾನಿದೀನಿ."

"ಒಬ್ಳೇ?"

"ನಿಮಗಿಂತ ಮೊದಲಿಂದ ಮಾಡ್ತಿದೀನಿ. ಹೋಗ್ರೀ, ರೈಲು ಹೋಗುತ್ತೆ."

ತೊಕುಜಿ ಗೇರಿನ ಕೋಲು ದಾಟಿ ಬಲಗಡೆಯ ಸೀಟಿಗೆ ಸರಿದು, ಬಾಗಿಲು ಎಳೆದುಕೊಂಡು, ಗಾಜಿನಿಂದ ತಲೆ ಹೊರಗೆ ಹಾಕಿದ. "ಎರಡೂಕಾಲು ದಿನ. ಕಾಲು ದಿನದ ಮೇಲೆ ಒಂದು ನಿಮಿಷ ಆದ್ರೂ ಹೆಬ್ಬಾಗಿಲು ಹಾಕ್ಬಿಡ್ತೀನಿ."

"ಹೇಗೆ ಹಾಕ್ತೀರಿ? ಕಾರಿದೆಯಲ್ಲ," ಎಂದಳು ಫುಕುಯೊ.

ಕುನಿಹಾರು ಪೆಟ್ಟಿಗೆಯನ್ನು ಕಂಕುಳಿಗೇರಿಸಿ, ಬೂಟಿನ ಲಾಡಿ ಕಟ್ಟದೆಯೇ ಎಡಕ್ಕೆ ನಡೆದ. ಹತ್ತು ಹೆಜ್ಜೆಗೆ ಒಂದು ಸಲ, ಇಪ್ಪತ್ತು ಹೆಜ್ಜೆಗೆ ಒಂದು ಸಲ ಯಾರೋ ಕರೆದಂತಾಗಿ ನಿಂತ. ಯಾರೂ ಕರೆದಿರಲಿಲ್ಲ. ಕೊಳಾಯಿ ರಿಪೇರಿಯವನ ಅಂಗಡಿಯ ತಿರುವಿನಲ್ಲಿ ಹಿಂದಿರುಗಿ ನೋಡಿದ.

ಕಂಬಗಳ ನಡುವೆ ಸಮುದ್ರದ ಬಣ್ಣದ ಮೂತಿ ಹೊಳೆಯುತ್ತಿತ್ತು. ಗಾಜಿನ ಹಿಂದೆ ಮುದುಕ ನೆಟ್ಟಗೆ ಕೂತು ಎರಡೂ ಕೈಗಳಲ್ಲಿ ಸ್ಟೀರಿಂಗ್ ಹಿಡಿದಿದ್ದ. ಕಾರಿನ ಬಲಗಡೆಯ ಇಂಡಿಕೇಟರ್ ದೀಪ, ಬೀದಿಯಲ್ಲಿ ಒಂದು ಗಾಡಿಯೂ ಇಲ್ಲದಿದ್ದರೂ, ಮಿಣುಕುತ್ತಲೇ ಇತ್ತು.