ಬಾಡಿಗೆಯ ಬಾಲದ ಕೋಟು

ಮಾರಿಯನ್ ಭಾನುವಾರದ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದಾಗ ಅವಳ ಗಂಡ ಕ್ಲಿಫರ್ಡ್ ದೊಡ್ಡ ಸಮಾರಂಭಗಳ ಬಾಲದ ಕೋಟು ತೊಟ್ಟು, ಎತ್ತರದ ಹ್ಯಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಬಾಡಿಗೆಗೆ ತಂದದ್ದು. ತೋಳು ಗಿಡ್ಡ, ಹೊಟ್ಟೆ ಮುಂದೆ, ಬಾಲ ಹಿಂದೆ.

"ಹೇಗಿದೆ?"

"ಬೇಲಿಗೆ ಸಿಕ್ಕಿಹಾಕ್ಕೊಂಡ ಕಾಗೆ ಥರ ಇದೆ," ಅಂದಳು ಚಾಕು ನಿಲ್ಲಿಸದೆ.

ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದದ್ದಕ್ಕೆ ದೊರೆ ಅವಳಿಗೆ ಅರಮನೆಯಲ್ಲಿ ಪದಕ ಕೊಡುವರೆಂದು ಲಂಡನ್ನಿನಿಂದ ಪತ್ರ ಬಂದು ಐದು ವಾರವಾಗಿತ್ತು. ಒಪ್ಪಿಗೆಯೋ ಅಲ್ಲವೋ ಬರೆದು ತಿಳಿಸಬೇಕು, ಅಲ್ಲಿಯತನಕ ಗುಟ್ಟಾಗಿಡಬೇಕು. ಉತ್ತರದ ಹಾಳೆ ಬ್ರೆಡ್ ಡಬ್ಬದ ಹಿಂದೆ ಖಾಲಿಯಾಗೇ ಇತ್ತು. ಗುಟ್ಟು ಮಾತ್ರ ಅಂದೇ ಸಂಜೆ ಕ್ಲಿಫರ್ಡನ ಬಾಯಿಂದ ಪಕ್ಕದ ಮನೆಯ ಬೆರಿಲಳಿಗೆ ಮುಟ್ಟಿತ್ತು.

ಈ ಕ್ಲಿಫರ್ಡ್ ಎಂಥವನು! ರೈಲು ಚಾಲಕರ ಸಂಘದ ಕಾರ್ಯದರ್ಶಿಯಾಗಿದ್ದವನು. ದೇಶಕ್ಕೆ ದೊರೆ ಬೇಡ, ಜನ ಆರಿಸಿದವರು ಸಾಕು ಎಂದು ಐವತ್ತು ವರ್ಷ ಪಬ್ಬಿನ ಮೇಜು ಗುದ್ದಿದವನು. ಕ್ರಿಸ್‌ಮಸ್ ಮಧ್ಯಾಹ್ನ ಮೂರಕ್ಕೆ ಟೀವಿಯಲ್ಲಿ ಆಗಿನ ರಾಣಿಯ ಭಾಷಣ ಶುರುವಾದರೆ ಹೆಂಡತಿ, ಮಗಳನ್ನು ತಟ್ಟೆ ಸಮೇತ ಹಿತ್ತಿಲಿಗೆ ಹೊರಡಿಸುತ್ತಿದ್ದ. ಚಳಿಯಲ್ಲಿ ನಡುಗುತ್ತ ಪುಡಿಂಗ್ ತಿಂದ ಸಂಸಾರ ಅದು. ರಾಣಿ ಪಟ್ಟಕ್ಕೇರಿ ಇಪ್ಪತ್ತೈದು ವರ್ಷವಾದ ಬೇಸಿಗೆ, ಬೀದಿಯುದ್ದಕ್ಕೂ ಮೇಜು ಹಾಕಿ ಓಣಿಯ ಮಕ್ಕಳೆಲ್ಲ ಜೆಲ್ಲಿ ತಿನ್ನುತ್ತಿದ್ದರೆ, ಆರು ವರ್ಷದ ಮಗಳು ಜೂಡಿತಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದ್ದ. ಮಗು ಕಿಟಕಿಗೆ ಮೂಗು ಒತ್ತಿ ಅತ್ತಿತ್ತು. ಮಾರಿಯನ್ ಬಾಗಿಲು ತೆಗೆಯಲಿಲ್ಲ. ಗಂಡನ ಮಾತು ಸರಿಯೆಂದು ನಂಬಿದ್ದಳು. ಈಗಲೂ ನಂಬಿದ್ದಳು. ಆ ಮನೆಯಲ್ಲಿ ನಂಬಿದವಳು ತಾನೊಬ್ಬಳೇ ಎಂಬುದು ಈಗಷ್ಟೇ ತಿಳಿಯುತ್ತಿತ್ತು.

"ದೊರೆ ಬೇಡ ಅಂತಿದ್ದವನು ನೀನೇ ಅಲ್ವಾ?"

"ಈಗ್ಲೂ ಬೇಡವೇ! ಇದು ನಿನ್ನ ಕೆಲಸಕ್ಕೆ ಮರ್ಯಾದೆ ಕಣೇ. ಅಲ್ದೆ, ಎದುರಿಗೆ ಸಿಕ್ಕಾಗ ನಾಲ್ಕು ಮಾತು ಹೇಳೇ ಬರ್ತೀನಿ."

"ಹೇಳ್ತೀಯಾ? ನಿನ್ನೆ ಕನ್ನಡಿ ಮುಂದೆ ಬಗ್ಗಿ ಬಗ್ಗಿ ಅಭ್ಯಾಸ ಮಾಡ್ತಿದ್ದಾಗ ಬಾಯಿಂದ ಬಂದಿದ್ದು 'ಅಯ್ಯೋ ಸೊಂಟ' ಅನ್ನೋದೊಂದೇ."

ಅವನ ಕಿವಿ ಕೆಂಪಾಯಿತು. "ಬೆರಿಲ್‌ಗೆ ಹೇಳಿಬಿಟ್ಟಿದೀನಿ. ಬೇಡ ಅಂದ್ರೆ ನನ್ನ ಮಾನ ಏನಾಗ್ಬೇಕು?"

"ಜೂಡಿತ್‌ಗೆ ಹೇಳಿದ್ಯಾ?"

ಕ್ಲಿಫರ್ಡ್ ಹ್ಯಾಟಿನ ಅಂಚು ಸವರಿದ. "ಅವಳಿಗೆ... ಇನ್ನೂ ಇಲ್ಲ."

"ಯಾಕಿಲ್ಲ?"

ಅವನು ಹ್ಯಾಟನ್ನು ತಲೆಗಿಟ್ಟು ಮತ್ತೆ ತೆಗೆದ. ಐದು ವಾರ ಅವಳು ಕಾದದ್ದು ಒಂದಕ್ಕೇ: ಬೇಡವೆಂದು ಬರೆದುಬಿಡು ಎಂದು ಅವನೇ ಬಂದು ಹೇಳಲಿ ಎಂದು. ಬಂದದ್ದು ಬಾಲದ ಕೋಟು.

ಮಾರಿಯನ್ ಕೈ ತೊಳೆದು, ಡಬ್ಬದ ಹಿಂದಿನ ಹಾಳೆ ಎಳೆದು ಬರೆದಳು: "ಮಕ್ಕಳಿಗೆ ಬಡಿಸಿದೆ. ಸಂಬಳ ಬಂತು. ಪದಕ ಬೇಡ." ಲಕೋಟೆಗೆ ಅಂಚೆಚೀಟಿ ಅಂಟಿಸಿ, ಅದರ ಮೇಲಿದ್ದ ದೊರೆಯ ತಲೆಯನ್ನು ಹೆಬ್ಬೆರಳಿಂದ ಒತ್ತಿದಳು. ಇಷ್ಟಕ್ಕಾದರೂ ಉಪಯೋಗಕ್ಕೆ ಬಂದ.

"ಏಯ್, ಊಟ?" ಎಂದು ಹೊರಟವಳ ಬೆನ್ನಿಗೆ ಕ್ಲಿಫರ್ಡ್ ಬಾಗಿಲಿಂದ ಕೂಗಿದ.

"ಆಲೂಗಡ್ಡೆ ಅಲ್ಲೇ ಇದೆ, ಸುಲಿ. ಕೋಟಿಗೆ ಮೆತ್ತಿಸ್ಕೋಬೇಡ, ವಾಪಸ್ ಕೊಡ್ಬೇಕು."

ಏಪ್ರನ್ನಿನಲ್ಲೇ ಬೀದಿಯ ತುದಿಗೆ ನಡೆದು, ಹೊಟ್ಟೆಯ ಮೇಲೆ ಕಿರೀಟದ ಗುರುತು ಹೊತ್ತ ಕೆಂಪು ಅಂಚೆಡಬ್ಬಿಯೊಳಕ್ಕೆ ಪತ್ರವನ್ನು ಹಾಕಿದಳು.