ನಾನು ಕಲಿತ ತುರ್ಕಿ

ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ತುರ್ಕಿ ಭಾಷೆಯ ಒಂದೇ ಒಂದು ವಾಕ್ಯ ಕಲಿತೆ. ನಗುವವರು ನಗಲಿ. ವಿಠ್ಠಲವಾಡಿ ಸ್ಟೇಶನ್ನಿನ ಎದುರಿನ ಹೋಟೆಲಿನಲ್ಲಿ ಮೂವತ್ತೈದು ವರ್ಷ ಅಡುಗೆಮನೆ ನೋಡಿಕೊಂಡವನು ನಾನು. ಮನೆಗೆ ತುಳು, ಸಂಘದ ಮೀಟಿಂಗಿಗೆ ಕನ್ನಡ, ಗಿರಾಕಿಗೆ ಮರಾಠಿ, ಬೈಯಲಿಕ್ಕೆ ಹಿಂದಿ. ಇಷ್ಟರಲ್ಲಿ ಈ ಕಿಟ್ಟಣ್ಣನ ಜನ್ಮ ಚೆನ್ನಾಗಿಯೇ ನಡೆದಿತ್ತು. ಐದನೆಯದು ಬೇಕಾದದ್ದು ನನ್ನ ಸೋದರಳಿಯ ಸುಜನ್ ಸತ್ತ ಮೇಲೆ.

ಸುಜನ್ ನನ್ನ ತಂಗಿ ವಿನೋದಾಳ ಒಬ್ಬನೇ ಮಗ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ಭಾವ ತೀರಿಕೊಂಡರು. ತಂಗಿ ಮಗುವನ್ನೆತ್ತಿಕೊಂಡು ಡೊಂಬಿವಲಿಯ ನನ್ನ ಮನೆಗೆ ಬಂದಳು. ನಮ್ಮದು ಅಳಿಯಕಟ್ಟು. ಹೆತ್ತ ಮಗಳಿಗಿಂತ ತಂಗಿಯ ಮಗ ಒಂದು ತೂಕ ಹೆಚ್ಚು. ನನ್ನ ಮಗಳು ಜ್ಯೋತ್ಸ್ನಾ ಇದನ್ನೇ ಹಿಡಿದು ನನ್ನನ್ನು ಕಾಡುತ್ತಿದ್ದಳು, ಕಾಡಲಿ, ಸುಳ್ಳೇನಲ್ಲ. ಹೋಟೆಲಿನ ಹೊಗೆ ನನ್ನ ತಲೆಮಾರಿಗೇ ಕೊನೆಯಾಗಲಿ ಎಂದು ಬೇಲಾಪುರದ ಏಜೆಂಟ್ ಮುರಾರಿಯನ್ನು ಹಿಡಿದು ಸುಜನನನ್ನು ಹಡಗಿನ ಕೆಲಸಕ್ಕೆ ಹಾಕಿದೆ. ತಂಗಿ ಬೇಡವೆಂದಳು. "ನೀನು ಸುಮ್ಮನಿರು, ನಿನಗೆಂತ ಗೊತ್ತುಂಟು" ಎಂದು ಅವಳ ಬಾಯಿ ಮುಚ್ಚಿಸಿದವನು ನಾನೇ.

2025ರ ಮಾರ್ಚಿನಲ್ಲಿ ಆ ಹಡಗು ತುರ್ಕಿಯ ಹತ್ತಿರ, ಕಪ್ಪು ಸಮುದ್ರದಲ್ಲಿ, ಬಿರುಗಾಳಿಗೆ ಸಿಕ್ಕಿ ಮುಳುಗಿತು. ಹದಿನೇಳು ದಿನ ಏನೂ ಸುದ್ದಿಯಿಲ್ಲ. ಆ ಹದಿನೇಳು ದಿನ ವಿನೋದಾ ಒಂದು ಅಗುಳು ಅನ್ನ ಮುಟ್ಟಲಿಲ್ಲ. ಫೋನು ಮಡಿಲಲ್ಲಿಟ್ಟುಕೊಂಡು ಕೂತಳು. ಬಾಗಿಲು ಸದ್ದಾದರೆ ಎದ್ದು ನಿಲ್ಲುವಳು, ಲಿಫ್ಟು ನಿಂತರೆ ಎದ್ದು ನಿಲ್ಲುವಳು. ಅಳಲೂ ಇಲ್ಲ. ಅಯ್ಯೋ, ಅತ್ತುಬಿಡೇ ಮಾರಾಯ್ತಿ ಎಂದು ನಾನು ಬೇಡಿಕೊಂಡದ್ದುಂಟು.

ಹದಿನೆಂಟನೆಯ ದಿನ ಮುರಾರಿಯ ಫೋನು ಬಂತು. ಎರಡು ಹೆಣ ಸಿಕ್ಕಿವೆ, ಮುಖ ಗುರುತಾಗುವ ಹಾಗಿಲ್ಲ, ಒಂದರ ಜಾಕೆಟ್ಟಿನ ಒಳಗೆ ಸುಜನನ ಹೆಸರಿದೆ. ಇನ್ನೊಂದು ಹೆಣ ಅದೇ ಹಡಗಿನ ಅಡುಗೆಯವನದು, ಸೆರ್ಹಾತ್ ಎಂಬ ತುರ್ಕಿಯವನೇ. ಆವತ್ತು ವಿನೋದಾ ಅತ್ತಳು. ಅತ್ತು ಅತ್ತು ಸುಸ್ತಾಗಿ ರಾತ್ರಿ ಒಂದು ಲೋಟ ಗಂಜಿ ಕುಡಿದಳು. ದೇವರೇ, ಇಷ್ಟಾದರೂ ಆಯಿತಲ್ಲ ಎಂದು ನಾನು ಕೈಮುಗಿದೆ.

ಪೆಟ್ಟಿಗೆ ಬಂದದ್ದು ಮತ್ತೆ ಹತ್ತು ದಿನ ಬಿಟ್ಟು. ವಿಮಾನ ನಿಲ್ದಾಣದಿಂದ ಶಿಳ್ ಫಾಟಾದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತು ಡೊಂಬಿವಲಿಗೆ ಬಂದೆವು. ತೆರೆಯಬೇಡಿ ಎಂದು ಕಾಗದದಲ್ಲಿ ಬರೆದಿತ್ತು. ಕಟ್ಟಡದ ಕೆಳಗೆ ಹತ್ತು ನಿಮಿಷ ಇಟ್ಟು, ವಿನೋದಾ ಪೆಟ್ಟಿಗೆಯ ಮೇಲೆ ಕೈ ಆಡಿಸಿದ ಮೇಲೆ, ಗಂಡಸರು ನೇರ ಸ್ಮಶಾನಕ್ಕೆ ಹೋದೆವು. ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿ ನಮ್ಮಲ್ಲಿಲ್ಲ.

ಅಲ್ಲಿ ಪೆಟ್ಟಿಗೆ ಒಡೆದು, ಚೀಲದ ಸಮೇತ ಹೆಣವನ್ನು ಕಟ್ಟಿಗೆಯ ಮೇಲೆ ಮಲಗಿಸಿದರು. ಬಂದವರೆಲ್ಲ ನಲ್ಲಿಯ ಹತ್ತಿರ, ವಾಸನೆಗೆ ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಹತ್ತಿರ ಇದ್ದದ್ದು ನಾನು ಮತ್ತು ಕಟ್ಟಿಗೆ ಒಟ್ಟುವ ಆಳು. ಕಾಲುಗಳು ಕಟ್ಟಿಗೆ ಮುಗಿದರೂ ಮುಗಿಯಲಿಲ್ಲ. ಒಂದೂವರೆ ಗೇಣು ಹೊರಗೆ ಚಾಚಿಕೊಂಡಿದ್ದವು. ಆ ಆಳು ಇನ್ನೆರಡು ಕೊರಡು ತಂದು ಸೇರಿಸುತ್ತ, "ಕಾಕಾ, ಪೋರ್ಗಾ ಚಾಂಗ್ಲಾ ಉಂಚ್ ಹೋತಾ" ಎಂದ. ಹುಡುಗ ಒಳ್ಳೆ ಎತ್ತರ ಇದ್ದ ಎಂದು.

ನನ್ನ ಸುಜನ್ ಐದಡಿ ನಾಲ್ಕಂಗುಲ. ಮನೆಯಲ್ಲಿ ನಾವು ಅವನನ್ನು ಕುಳ್ಳ ಎಂದೇ ಕರೆಯುತ್ತಿದ್ದೆವು. ಲಾಫ್ಟಿನ ಡಬ್ಬ ತೆಗೆಯಲು ಅವನಿಗೆ ಸ್ಟೂಲು ಬೇಕಿತ್ತು.

ನಾನು "ಹೋ" ಎಂದೆ. ಹೌದು ಎಂದೆ.

ನನಗೆ ಗೊತ್ತಾಗಿತ್ತು. ಅನುಮಾನ ಅಂತ ಮೆತ್ತಗೆ ಹೇಳುವುದಿಲ್ಲ, ಗೊತ್ತಾಗಿತ್ತು. ಇದು ನಮ್ಮದಲ್ಲ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ನಿಲ್ಲುತ್ತಿತ್ತು. ಆದರೆ ಮನೆಗೆ ಹೋಗಿ ತಂಗಿಗೆ ಏನೆನ್ನಲಿ? ನಿನ್ನ ಮಗ ಇವನಲ್ಲ ಎಂದರೆ ಹಾಗಾದರೆ ಬದುಕಿದ್ದಾನೆ ಎಂದು ಅವಳು ಪುನಃ ಫೋನು ಹಿಡಿದು ಕೂರುತ್ತಾಳೆ, ಪುನಃ ಲಿಫ್ಟಿನ ಸದ್ದಿಗೆ ಏಳುತ್ತಾಳೆ. ಅದನ್ನು ಇನ್ನೊಮ್ಮೆ ನೋಡುವ ತ್ರಾಣ ನನಗಿರಲಿಲ್ಲ. ಅವಳ ಒಳ್ಳೆಯದಕ್ಕೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ನನಗೇ ಸಾಕಾಗಿತ್ತು. ಬೆಂಕಿ ಇಟ್ಟೆ. ಬೂದಿಯನ್ನು ನಾಸಿಕದ ಗೋದಾವರಿಯಲ್ಲಿ ಬಿಟ್ಟೆ. ಹದಿಮೂರನೆಯ ದಿನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಥಾಣೆಯಿಂದ, ಕಲ್ಯಾಣದಿಂದ ನೂರು ಜನ ಬಂದು, ಸುಜನನಿಗೆ ಇಷ್ಟ ಎಂದು ಮಾಡಿಸಿದ ಪಾಯಸ ಉಂಡು ಹೋದರು.

ಮೇ ತಿಂಗಳ ಕೊನೆಗೆ ಮುರಾರಿ ನಮ್ಮನ್ನು ಬೇಲಾಪುರಕ್ಕೆ ಕರೆಸಿದ. ಹೆಣ ಕಳಿಸುವ ಮೊದಲು ತುರ್ಕಿಯಲ್ಲಿ ತೆಗೆದಿಟ್ಟಿದ್ದ ಮಾದರಿಗಳ ಡಿಎನ್‌ಎ ವರದಿ ಬಂದಿತ್ತು. ಚಳಿಗೆಂದು ಸುಜನ್ ತನ್ನ ಜಾಕೆಟ್ಟನ್ನು ಸೆರ್ಹಾತನಿಗೆ ಕೊಟ್ಟಿರಬೇಕು. ಅದಲುಬದಲಾಗಿದೆ. ಸುಜನನನ್ನು ಸೆರ್ಹಾತನ ಮನೆಯವರು ತಮ್ಮ ಹಳ್ಳಿಯಲ್ಲಿ ಮಣ್ಣು ಮಾಡಿದ್ದಾರೆ. ಅವರು ಒಪ್ಪಿ ಅರ್ಜಿ ಕೊಟ್ಟರೆ ಅವನನ್ನು ತೆಗೆದು ಇಲ್ಲಿಗೆ ಕಳಿಸಬಹುದು. "ಆದರೆ ಅವರು ತಮ್ಮ ಮಗನ ಗೋರಿ ಎಲ್ಲುಂಟು ಅಂತ ಕೇಳ್ತಾ ಇದ್ದಾರೆ ಕಿಟ್ಟಣ್ಣ. ಸುಟ್ಟದ್ದು ನಾನು ಹೇಳ್ಲಿಲ್ಲ. ನೀವೇ ಮಾತಾಡಿ" ಎಂದ.

ವಾಪಸು ಬರುವಾಗ ಲೋಕಲಿನಲ್ಲಿ ವಿನೋದಾ ನನ್ನ ಮುಖ ನೋಡಿದಳು. "ಅಣ್ಣ, ಆವತ್ತು ನೀನು ನೋಡಿದ್ದಿ ಅಲ್ವಾ? ನಿನಗೆಂತದೂ ಗೊತ್ತಾಗ್ಲಿಲ್ವಾ?"

"ಚೀಲ ಕಟ್ಟಿತ್ತು ಮಾರಾಯ್ತಿ. ಎಂತ ಕಾಣುದು ಅದರಲ್ಲಿ?"

ಅವಳು ನಂಬಿದಳು. ನಂಬಿ, ನನ್ನ ಕೈ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು, ನಿನ್ನ ತಪ್ಪೆಂತ ಉಂಟು. ಅವನನ್ನು ತರಿಸಿಕೊಡು. ಒಂದು ಸಲ ಅರಸಿನ ನೀರು ಹಾಕ್ತೇನೆ, ಮತ್ತೆ ನನಗೇನೂ ಬೇಡ" ಎಂದಳು. ದಿವಾ ಸ್ಟೇಶನ್ನಿನಲ್ಲಿ ಜನ ನುಗ್ಗಿ ನಮ್ಮಿಬ್ಬರ ನಡುವೆ ನಿಂತರು. ಒಳ್ಳೆಯದೇ ಆಯಿತು, ಅವಳ ಮುಖ ನೋಡುವುದು ತಪ್ಪಿತು.

ಆ ದಿನಗಳಲ್ಲಿ ನಮ್ಮ ಸೊಸೈಟಿಯ ವಾಟ್ಸಾಪಿನಲ್ಲಿ ತುರ್ಕಿಯ ಸೇಬು ತಿನ್ನಬೇಡಿ, ತುರ್ಕಿ ಧಾರಾವಾಹಿ ನೋಡಬೇಡಿ ಎಂಬ ಅಬ್ಬರ. ಪಾಕಿಸ್ತಾನದ ಜೊತೆಗಿನ ಗಲಾಟೆಯಲ್ಲಿ ಆ ದೇಶ ಅವರ ಪಕ್ಷ ವಹಿಸಿತ್ತು. ಸೆಕ್ರೆಟರಿ ದಯಾನಂದ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ ಬುದ್ಧಿ ಹೇಳಿದ. "ಅಂಥವರಿಗೆ ನಿಜ ಯಾಕೆ ಹೇಳ್ಬೇಕು? ಹೂತಿದ್ದೇವೆ ಅನ್ನಿ. ನೋಡ್ಲಿಕ್ಕೆ ಬರ್ತಾರಾ? ನಿಮ್ಮ ಹುಡುಗ ಬಂದರೆ ಸಾಕಲ್ವಾ?"

"ನಿನ್ನ ಮಗನನ್ನು ಯಾರಾದ್ರೂ ಹೀಗೆ ಮಾಡಿದ್ರೆ ನಿನಗೂ ಇದೇ ಹೇಳ್ಬಹುದಾ?" ಎಂದು ನಾನು ಏರುದನಿಯಲ್ಲಿ ಕೇಳಿದೆ. ವಾಚ್‌ಮನ್ ಎದ್ದು ನಿಂತ. ದಯಾನಂದ ಮೇಲೆ ಹೋದ. ಸುಳ್ಳಿನ ಬಗ್ಗೆ ನಾನು ಯಾರಿಗೋ ಪಾಠ ಹೇಳುತ್ತಿದ್ದೇನಲ್ಲ, ನನಗೆ ನಾಚಿಕೆ ಬೇಡವೇ?

ಆದರೆ ಒಂದು ಸುಳ್ಳಾದರೂ ಕಡಿಮೆಯಾಗಲಿ ಎಂದು ನಿರ್ಧಾರ ಮಾಡಿದೆ. ಜ್ಯೋತ್ಸ್ನಾಳಿಗೆ ತುರ್ಕಿ ಬರುತ್ತಿತ್ತು. ಐರೋಲಿಯ ಆಫೀಸಿಗೆ ಹೋಗಿ ಬರುವಾಗ ಆ ಧಾರಾವಾಹಿಗಳನ್ನು ನೋಡಿ ನೋಡಿ, ಹುಚ್ಚು ಹಿಡಿದು, ನಾಲ್ಕು ವರ್ಷ ಆನ್‌ಲೈನ್ ಕ್ಲಾಸು ಮಾಡಿ ಕಲಿತಿದ್ದಳು. "ಯಾರಿಗೆ ಬೇಕು ಆ ತುರ್ಕರ ಭಾಷೆ" ಎಂದು ನಾನು ಎಷ್ಟು ಸಲ ಹೀಯಾಳಿಸಿದ್ದೇನೋ. ಈಗ ಅವಳೆದುರು ಸ್ಲೇಟು ಹಿಡಿದ ಮಗುವಿನಂತೆ ಕೂತೆ.

"ನಾನೇ ಹೇಳ್ತೇನಲ್ಲ ಪಪ್ಪಾ, ತುಮ್ ಕ್ಯೂಂ ಟೆನ್ಶನ್ ಲೇತೇ ಹೋ?"

"ಬೇಡ. ಮಾಡಿದವನು ನಾನು. ಆ ತಾಯಿ ಅದನ್ನು ನನ್ನ ಬಾಯಿಂದ, ಅವಳ ಭಾಷೆಯಲ್ಲಿ ಕೇಳ್ಬೇಕು. ನಿನ್ನ ಬಾಯಿಗೆ ಅದು ಬರುದು ಬೇಡ."

ಅವಳು ಹೇಳಿಕೊಟ್ಟಳು, ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಓಲುನುಜು ಬೆನ್ ಯಕ್ತಿಮ್. ನಿಮ್ಮ ಮಗನನ್ನು ನಾನು ಸುಟ್ಟೆ. ಅದರ ಕೆಳಗೆ ಇನ್ನೊಂದು ಬರೆಸಿದಳು. ಬಿಲ್ಮಿಯೋರ್ದುಮ್. ನನಗೆ ಗೊತ್ತಿರಲಿಲ್ಲ. ಮೊದಲನೆಯದು ಎರಡು ದಿನದಲ್ಲಿ ಬಾಯಿಗೆ ಬಂತು. ಎರಡನೆಯದು ಬರಲಿಲ್ಲ. ಬರಲಿಲ್ಲ ಎಂದರೆ ನಾಲಿಗೆ ತಿರುಗಲಿಲ್ಲ ಎಂದಲ್ಲ. ಪೆನ್ನು ತೆಗೆದು ಗೀಟು ಹಾಕಿಬಿಟ್ಟೆ. "ಅದು ಬೇಡ" ಎಂದೆ. ಯಾಕೆಂದು ಜ್ಯೋತ್ಸ್ನಾ ಕೇಳಿದಳು. ಉದ್ದ ಆಯಿತು ಎಂದೆ.

ಹೋಟೆಲಿನಲ್ಲಿ ಮಧ್ಯಾಹ್ನ ಬಿಡುವಾದಾಗ ಗ್ರೈಂಡರಿನ ಹತ್ತಿರ ನಿಂತು ಬಾಯಿಪಾಠ ಮಾಡುತ್ತಿದ್ದೆ. ನಮ್ಮ ಕಡೆ ತುರ್ಕ ಎನ್ನುವುದು ಜನಾಂಗದ ಹೆಸರಲ್ಲ, ಬೈಗುಳ. ಯಾವ ಮುಸಲ್ಮಾನನಿಗೂ ಬೆನ್ನ ಹಿಂದೆ ಅಂಟಿಸುವ ಮಾತು. ಎಳವೆಯಿಂದ ಅದನ್ನು ಸಾವಿರ ಸಲ ಆಡಿದ್ದೇನೆ, ತುರ್ಕಿಯವನು ಎಂದರೆ ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈ ಜನ್ಮದಲ್ಲಿ ನಾನು ಮುಟ್ಟಿದ ಒಬ್ಬನೇ ಒಬ್ಬ ನಿಜವಾದ ತುರ್ಕ ಸೆರ್ಹಾತ್. ಅವನೂ ಅಡುಗೆಯವನು. ಚೀಲದ ಮೇಲಿನಿಂದಲೇ ಅವನ ಬಾಯಿಯಿರುವಲ್ಲಿಗೆ ತುಳಸಿ ನೀರು ಬಿಟ್ಟು, ನಮ್ಮ ಗೋತ್ರ ಹೇಳಿ, ಪಿಂಡ ಇಟ್ಟವನು ನಾನು.

ಭಾನುವಾರ ಮಧ್ಯಾಹ್ನ ಜ್ಯೋತ್ಸ್ನಾ ಊಟದ ಮೇಜಿನ ಮೇಲೆ ಫೋನನ್ನು ತಂಬಿಗೆಗೆ ಆನಿಸಿ ನಿಲ್ಲಿಸಿದಳು. ಅವಳ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ವಿನೋದಾ. ಆ ಕಡೆ ಹೂವಿನ ತಲೆವಸ್ತ್ರ ಕಟ್ಟಿದ ಮುದುಕಿ, ಫಾದಿಮೆ ಎಂದು ಹೆಸರು. ಪಕ್ಕದಲ್ಲಿ ಹಿರಿಯ ಮಗ. ಅವಳು ಮೊದಲು ವಿನೋದಾಳನ್ನೇ ನೋಡಿ ಏನೋ ಹೇಳಿದಳು.

"ನಿಮ್ಮ ತಲೆ ಗಟ್ಟಿಯಾಗಿರಲಿ ಅಂತ ಹೇಳ್ತಾರೆ ಅತ್ತೆ. ಸಾವಿನ ಮನೆಯವರಿಗೆ ಅವರಲ್ಲಿ ಹಾಗೇ ಹೇಳುದು. ನಿಮ್ಮ ಮಗನನ್ನು ನನ್ನ ಗಂಡನ ಗೋರಿಯ ಬಗಲಲ್ಲಿ ಮಲಗಿಸಿದ್ದೇನೆ, ಒಬ್ಬನೇ ಇಲ್ಲ ಅವನು ಅಂತೆ."

ವಿನೋದಾ ಕೈಮುಗಿದಳು. ಮುದುಕಿ ಎದೆಯ ಮೇಲೆ ಕೈಯಿಟ್ಟಳು. ಆಮೇಲೆ ತನ್ನ ಸೆರ್ಹಾತ್ ಎಲ್ಲಿ ಮಲಗಿದ್ದಾನೆ ಎಂದು ಕೇಳಿದಳು. ಅದು ನನಗೆ ಅನುವಾದವಿಲ್ಲದೆ ತಿಳಿಯಿತು.

ಚೀಟಿ ನೋಡದೆ ಹೇಳಿದೆ. "ಓಲುನುಜು ಬೆನ್ ಯಕ್ತಿಮ್."

ಹಿರಿಯ ಮಗ ಕುರ್ಚಿ ಹಿಂದೆ ತಳ್ಳಿ ಎದ್ದ. ಪರದೆಯ ಆಚೆಯಿಂದ ಅವನು ಕೂಗಿದ್ದು ಕೇಳಿಸಿತು. ಮುದುಕಿ ಅಲುಗಲಿಲ್ಲ. ಜ್ಯೋತ್ಸ್ನಾ ಹೆದರಿ, ಎರಡೂ ಕೈ ಮುಂದೆ ಮಾಡಿ, "ಬಾಬಾಮ್ ಬಿಲ್ಮಿಯೋರ್ದು, ಬಾಬಾಮ್ ಬಿಲ್ಮಿಯೋರ್ದು" ಎಂದಳು. ನನ್ನ ಅಪ್ಪನಿಗೆ ಗೊತ್ತಿರಲಿಲ್ಲ. ನಾನು ಗೀಟು ಹಾಕಿದ್ದ ಮಾತನ್ನು ನನ್ನ ಮಗಳು ನನ್ನ ಮೇಲಿನ ಪ್ರೀತಿಯಿಂದ ಹೇಳಿಬಿಟ್ಟಳು.

ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯಲಿ ಎಂದೇ ನಾನು ಬಯಸಿದೆ, ಯಾಕೆ ಮುಚ್ಚಿಡಲಿ. ಆದರೆ ಮುದುಕಿ ನಿಧಾನವಾಗಿ ಮಾತಾಡತೊಡಗಿದಳು. ಮಾತಿನ ನಡುವೆ ಒಂದು ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದಳು. ಜ್ಯೋತ್ಸ್ನಾಳ ದನಿ ಕುಗ್ಗಿತು.

"ಪಪ್ಪಾ, ಸೆರ್ಹಾತ್ ತುಂಬ ಎತ್ತರ ಇದ್ದನಂತೆ. ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರ್ತಿದ್ದನಂತೆ. ಅವರಿಗೂ ಚೀಲ ಬಿಚ್ಚಲು ಬಿಡ್ಲಿಲ್ಲ, ಚೀಲದ ಮೇಲೆಯೇ ನೀರು ಹಾಕಿದ್ರಂತೆ. ಗುಂಡಿಗೆ ಇಳಿಸುವಾಗ ಸೆರ್ಹಾತನ ಅಣ್ಣ ಕೇಳಿದನಂತೆ, ಅಮ್ಮ, ಇವನ್ಯಾಕೆ ಇಷ್ಟು ಸಣ್ಣ ಆಗಿದ್ದಾನೆ ಅಂತ. ಸಮುದ್ರ ಸಣ್ಣ ಮಾಡಿದೆ, ಬಾಯಿಮುಚ್ಚು ಅಂತ ನಾನೇ ಗದರಿಸಿದೆ, ಆ ಪಾಪ ನನ್ನದು ಅಂತಾರೆ." ಅವಳು ನನ್ನನ್ನು ನೋಡಿದಳು. "ನಿಮಗೆ ನಿಜವಾಗಿ ಗೊತ್ತಾಗ್ಲಿಲ್ವಾ ಅಂತ ಕೇಳ್ತಿದ್ದಾರೆ. ಎಂತ ಹೇಳ್ಲಿ?"

ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ ಎನ್ನುತ್ತಾರಲ್ಲ, ಅದು. ತುರ್ಕಿಯಲ್ಲಿ ನನ್ನ ಹತ್ತಿರ ಇನ್ನೊಂದು ವಾಕ್ಯ ಇರಲಿಲ್ಲ. ವಿನೋದಾ ನನ್ನ ಕಡೆ ತಿರುಗಿರಲಿಲ್ಲ. ಮುದುಕಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಗೊತ್ತಾಗಿತ್ತು" ಎಂದೆ, ನಮ್ಮ ಭಾಷೆಯಲ್ಲಿ. "ಕಾಲು ಹೊರಗೆ ಇತ್ತು. ಸುಜನ್ ಅಲ್ಲ ಅಂತ ಗೊತ್ತಾಗಿಯೇ ಬೆಂಕಿ ಇಟ್ಟೆ."

ಜ್ಯೋತ್ಸ್ನಾ ಅದನ್ನು ಅನುವಾದ ಮಾಡುವ ಮೊದಲೇ ಅದು ಸೇರಬೇಕಾದಲ್ಲಿಗೆ ಸೇರಿತ್ತು. ವಿನೋದಾಳ ಸೆರಗು ಕೈಯಲ್ಲೇ ಉಳಿಯಿತು. ಅವಳು ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ನನ್ನನ್ನು ನೋಡಿದ್ದು ಒಂದು ಕ್ಷಣ. ಆಮೇಲೆ ಫೋನಿನ ಕಡೆ ತಿರುಗಿದಳು.

"ಜ್ಯೋತ್ಸ್ನಾ, ಅವರಿಗೆ ಹೇಳು. ನನ್ನ ಮಗನನ್ನು ತೆಗೆಯುದು ಬೇಡ. ಅಲ್ಲೇ ಇರ್ಲಿ."

"ಅತ್ತೆ..."

"ಹೇಳು. ಆ ತಾಯಿ ಯಾರೂ ಕೇಳದೆ ತನ್ನ ತಪ್ಪು ಹೇಳಿದ್ಳು. ಆವತ್ತು ಲೋಕಲಿನಲ್ಲಿ ನಾನು ಇವನ ಮುಖ ನೋಡಿ ಕೇಳಿದ್ದೆ. ಇಲ್ಲಿಗೆ ತಂದ್ರೆ ಸುಜನ್ ಪುನಃ ಇವನ ಕೈಗೇ ಅಲ್ವಾ ಸಿಗುದು?"

ಜ್ಯೋತ್ಸ್ನಾ ಅಳುತ್ತ ಹೇಳಿದಳು. ಉದ್ದದ ಮಾತು, ಅದರಲ್ಲಿ ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಮುದುಕಿ ತಲೆಯಾಡಿಸಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ಕಲ್ಲು ಬದಲಾಯಿಸಿ ಸುಜನನ ಹೆಸರು ಕೆತ್ತಿಸಿದರಂತೆ, ಫೋಟೋ ಕಳಿಸಿದ್ದಾರಂತೆ. ಜ್ಯೋತ್ಸ್ನಾಳ ಫೋನಿನಲ್ಲಿದೆ. ನನಗೆ ತೋರಿಸಕೂಡದು ಎಂದು ವಿನೋದಾ ಹೇಳಿದ್ದಾಳೆ.