ಅಳೋ ಮುಂಚೆ ಕೂಸು ಏನು ಹೇಳ್ತು?

ಸಂಜೆ ಲೈಟು ಹಾಕುವ ಹೊತ್ತಿಗೆ ಸರಿಯಾಗಿ ಕೂಸು ರಾಗ ತೆಗೆಯುತ್ತಿತ್ತು. ಮೊದಲು ಸಣ್ಣಗೆ, ಆಮೇಲೆ ಸೂರು ಹಾರಿಹೋಗುವ ಹಾಗೆ. ಒಬ್ಬರು ಎತ್ತಿಕೊಂಡು ಓಡಾಡುವವರು, ಒಬ್ಬರು ಚಿಟಿಕೆ ಹೊಡೆಯುವವರು, ಇನ್ನೊಬ್ಬರು ಬೀಗದ ಕೈ ಗೊಂಚಲು ಅಲ್ಲಾಡಿಸುವವರು. ಕೂಸು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ.

ರಜೆಯ ದಿನಗಳು. ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ ಇರುವ ಮನೆಗೆ ನೆಂಟರು ಬಂದಿದ್ದರು. ಕೂಸಿನ ಅಪ್ಪನ ಅಕ್ಕ, ಆಕೆಯ ಇಬ್ಬರು ಹೆಣ್ಣುಮಕ್ಕಳು. ಕೂಸಿನ ಅಜ್ಜಿಯ ತಂಗಿ ಮತ್ತು ಅವರ ಯಜಮಾನರು. ಬಾಗಿಲ ಬಳಿ ಚಪ್ಪಲಿಗಳ ರಾಶಿ. ಬಚ್ಚಲಿಗೆ ಸರದಿ. ಮಂಚದ ಮೇಲೆ ಬ್ಯಾಗುಗಳು. ಇಷ್ಟೂ ಜನ ಬಂದದ್ದು ಆ ಬೊಗಸೆಯಷ್ಟು ಕೂಸನ್ನು ನೋಡಲು.

ಕೂಸಿನ ತಾಯಿಗೆ ಮನೆಯಲ್ಲಿ ಎಲ್ಲರೂ ಕರೆಯುವುದು ಯಾಕಮ್ಮ ಎಂದು. ಗಂಡ ಇಟ್ಟ ಅಡ್ಡಹೆಸರು. ಬಾಯಿ ತೆರೆದರೆ ಸಾಕು, "ಯಾಕೆ?" ಎನ್ನುವವಳು. ಮದುವೆಯಾಗಿ ಬಂದ ಹೊಸತರಲ್ಲೇ, "ಕಾಯೋ ಹಾಲು ಉಕ್ಕುತ್ತೆ, ಕಾಯೋ ನೀರು ಹಂಗೆ ಉಕ್ಕಲ್ಲ. ಯಾಕತ್ತೆ?" ಎಂದು ಕೇಳಿ ಅತ್ತೆಯನ್ನು ತಬ್ಬಿಬ್ಬು ಮಾಡಿದ್ದಳು. ಗಿಡ ಬೆಳೆಸಿ ಮಾರುವ ನರ್ಸರಿಯಲ್ಲಿ ಅವಳಿಗೆ ಕೆಲಸ. ಅಲ್ಲೂ ಒಂದು ಎಲೆ ಹಳದಿಯಾದರೆ ಅದಕ್ಕೆ ಕಾರಣ ಸಿಗುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ.

ಈಗ ಆ ಯಾಕಮ್ಮನ ಬಾಯಲ್ಲಿ ಪ್ರಶ್ನೆಗಳೇ ಕಮ್ಮಿಯಾಗಿದ್ದವು. ಒಂದೇ ಒಂದು ಪ್ರಶ್ನೆ ಉಳಿದಿತ್ತು, ಅದನ್ನೂ ಅವಳು ಯಾರನ್ನೂ ಕೇಳುತ್ತಿರಲಿಲ್ಲ. ನನ್ನ ಹಾಲು ಸಾಲ್ತಿಲ್ವಾ?

ಅವಳು ಕೇಳದಿದ್ದರೇನು, ಉತ್ತರ ಹೇಳಲು ಚಿಕ್ಕತ್ತೆ ಇದ್ದರು. ಅತ್ತೆಯ ತಂಗಿ. ನಾಲ್ಕು ಮಕ್ಕಳನ್ನು ಸಾಕಿದ ಕೈ, ಮೂರು ಮನೆಯಾಚೆಗೂ ಕೇಳುವ ಗಂಟಲು, ಮನಸ್ಸು ಮಾತ್ರ ಬೆಣ್ಣೆ.

"ಮೊದಮೊದಲು ಎದೆ ಬಿಗಿಯೋದಲ್ವಾ? ಈಗ ಹೇಗಿದೆ?" ಎಂದು ಒಂದು ಬೆಳಿಗ್ಗೆ ಕೇಳಿದರು.

"ಈಗ ಮೆತ್ತಗಿದೆ ಚಿಕ್ಕತ್ತೆ."

"ನೋಡಿದ್ಯಾ! ಹಾಲು ಇಂಗ್ತಾ ಇದೆ. ಕೂಸು ಹಸಿವಿಗೇ ಅಳೋದು. ನಾನು ನಿನ್ನೇನೇ ಹಾಲಿನ ಪುಡಿ ಡಬ್ಬಿ ತರಿಸಿಟ್ಟಿದ್ದೀನಿ. ಸಂಜೆ ಹೊತ್ತು ಅದನ್ನ ಕೊಡು. ನೀನೂ ನಿದ್ದೆ ಮಾಡ್ತೀಯ, ಅದೂ ನಿದ್ದೆ ಮಾಡುತ್ತೆ."

ಯಾಕಮ್ಮ ಅತ್ತೆಯ ಮುಖ ನೋಡಿದಳು. ಅತ್ತೆಯದು ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು. "ಅವಳು ಹೇಳೋದೂ ಸರಿ. ನಿನ್ನ ಹಾಲು ಒಳ್ಳೇದು ಅನ್ನೋದೂ ಸರಿ."

ಯಾಕಮ್ಮ ಸಂಜೆಗೆ ಪುಡಿ ಕಲೆಸಲೆಂದು ನೀರು ಕಾಯಿಸಿಟ್ಟಳು.

ಅದೇ ಹೊತ್ತಿಗೆ ಆರೋಗ್ಯ ಕೇಂದ್ರದ ಸಿಸ್ಟರ್ ಬಂದರು. ಬಾಣಂತಿಯರ ಮನೆ ಮನೆಗೂ ಹೋಗಿ ಬರುವುದು ಅವರ ಕೆಲಸ. ಹೆಗಲಿನ ಚೀಲದಲ್ಲಿ ಕೂಸನ್ನು ತೂಗುವ ತಕ್ಕಡಿ. ಬಂದವರೇ ಸೋಪು ಕೇಳಿ ಕೈ ತೊಳೆದುಕೊಂಡರು. ಮೇಜಿನ ಮೇಲಿದ್ದ ಡಬ್ಬಿ ಅವರ ಕಣ್ಣಿಗೆ ಬಿತ್ತು.

"ಇದು ಯಾರಿಗೆ?"

"ಇನ್ಯಾರಿಗೆ, ಕೂಸಿಗೆ," ಎಂದರು ಚಿಕ್ಕತ್ತೆ. "ತಾಯಿ ಹಾಲು ಸಾಲ್ತಿಲ್ಲ. ಸಂಜೆ ಆದ್ರೆ ಕಿರುಚಿ ಕಿರುಚಿ ಮುಖ ಕೆಂಪು ಮಾಡ್ಕೊಳ್ಳುತ್ತೆ. ಎದೆ ಕೊಟ್ರೆ ಒದೆಯುತ್ತೆ."

ಸಿಸ್ಟರ್ ಬೈಯಲೂ ಇಲ್ಲ, ನಗಲೂ ಇಲ್ಲ. "ಸಾಲ್ತಿದೆಯಾ ಇಲ್ವಾ ಅಂತ ಕೂಸನ್ನೇ ಕೇಳೋಣ ಬನ್ನಿ," ಎಂದು ತಕ್ಕಡಿ ಬಿಚ್ಚಿದರು. ಮನೆಮಂದಿಯೆಲ್ಲ ಸುತ್ತ ನೆರೆದರು. ಕೂಸು ತಕ್ಕಡಿಯ ಬಟ್ಟೆಯಲ್ಲಿ ಕಾಲಾಡಿಸುತ್ತ ತೂಗಿತು.

"ಹೋದ ಸಲಕ್ಕಿಂತ ಚೆನ್ನಾಗಿ ತೂಕ ಬಂದಿದೆ," ಎಂದರು ಸಿಸ್ಟರ್. "ಉಚ್ಚೆ ಹೇಗೆ? ಒಂದು ಹಗಲು ಒಂದು ರಾತ್ರಿ ಸೇರಿ ಆರು ಸಲಕ್ಕೆ ಕಮ್ಮಿ ಇಲ್ಲದ ಹಾಗೆ ಬಟ್ಟೆ ಒದ್ದೆ ಮಾಡುತ್ತಾ?"

ಅತ್ತೆ ನಕ್ಕುಬಿಟ್ಟರು. "ಆರಾ? ಒಂದ್ಸಲ ಹಿತ್ತಲಿನ ಹಗ್ಗ ನೋಡಿ ಸಿಸ್ಟರ್. ನೆಂಟರ ಬಟ್ಟೆ ಒಣಗಿಸೋಕೆ ಜಾಗ ಇಲ್ಲ!"

"ಬಣ್ಣ?"

"ನೀರಿನ ಹಾಗೆ ತಿಳಿ."

"ಒಳಗೆ ಹೋಗದೆ ಇದ್ದದ್ದು ಹೊರಗೆ ಬರುತ್ತಾ ಅಮ್ಮ? ತೂಕ ಏರ್ತಿದೆ, ಬಟ್ಟೆ ಒದ್ದೆ ಆಗ್ತಿದೆ, ಕೂಸು ಚೂಟಿಯಾಗಿದೆ. ಹಾಲು ಸಾಲ್ತಿದೆ."

"ಹಾಗಾದ್ರೆ ಎದೆ ಮೆತ್ತಗಾಗಿದೆಯಲ್ಲ, ಅದು ಯಾಕೆ?" ಚಿಕ್ಕತ್ತೆ ಬಿಡಲಿಲ್ಲ.

"ಎದೆ ಅನ್ನೋದು ತುಂಬಿಟ್ಟು ಖಾಲಿ ಮಾಡೋ ಕೊಡ ಅಲ್ಲಮ್ಮ, ಒರತೆ ಇದ್ದ ಹಾಗೆ. ತೆಗೆದಷ್ಟೂ ಒಸರುತ್ತೆ. ಮೊದಮೊದಲು ಕೂಸಿಗೆ ಎಷ್ಟು ಬೇಕು ಅಂತ ಅದಕ್ಕೆ ಗೊತ್ತಿರಲ್ಲ, ಬಿಗಿಯುತ್ತೆ. ಆಮೇಲೆ ಅಳತೆ ಗೊತ್ತಾಗಿ ಮೆತ್ತಗಾಗುತ್ತೆ. ಈಗ ನೀವು ಡಬ್ಬಿ ಹಾಲು ಕುಡಿಸಿದ್ರೆ ಕೂಸು ಎದೆ ಚೀಪೋದು ಕಮ್ಮಿಯಾಗುತ್ತೆ. ಚೀಪೋದು ಕಮ್ಮಿಯಾದ್ರೆ ಆಗ ನಿಜವಾಗ್ಲೂ ಹಾಲು ಕಮ್ಮಿಯಾಗುತ್ತೆ."

ಎಷ್ಟೋ ದಿನದ ಮೇಲೆ ಯಾಕಮ್ಮನ ಬಾಯಿಂದ ಆ ಮಾತು ಬಂತು.

"ಹಾಗಾದ್ರೆ ಸಂಜೇನೇ ಯಾಕೆ ಸಿಸ್ಟರ್? ಬೆಳಿಗ್ಗೆ ಯಾಕೆ ಅಳಲ್ಲ?"

"ಈ ವಯಸ್ಸಿನ ಕೂಸುಗಳು ಸಂಜೆ ಹೊತ್ತು ಸ್ವಲ್ಪ ರಚ್ಚೆ ಹಿಡಿಯೋದುಂಟು. ಮೇಲಿಂದ ಮೇಲೆ ಹಾಲು ಕೇಳೋದೂ ಉಂಟು. ಆದ್ರೆ ನಿಮ್ಮ ಕೂಸು ಇಷ್ಟೊಂದು ಯಾಕೆ ಅಳುತ್ತೆ ಅಂತ ನನಗೂ ಗೊತ್ತಿಲ್ಲ. ಅದರ ಜೊತೆ ಇರೋರು ನೀವು. ನೀವೇ ಹೇಳಿ, ಅಳೋಕೆ ಮುಂಚೆ ಅದು ಏನ್ ಮಾಡ್ತಿರುತ್ತೆ?"

ಅಷ್ಟು ಕಣ್ಣುಗಳಿದ್ದ ಮನೆಯಲ್ಲಿ ಅದೊಂದನ್ನು ಯಾರೂ ನೋಡಿರಲಿಲ್ಲ.

ಯಾಕಮ್ಮನ ಗಂಡ ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು. ಅವನು ತಲೆ ಕೆರೆದುಕೊಂಡ. "ನನ್ನ ಹತ್ರ ಫ್ಯಾನು ತಂದವರಿಗೆ ನಾನು ಮೊದಲು ಕೇಳೋದೇ ಅದು. ಕೆಡೋ ಮುಂಚೆ ಏನು ಸದ್ದು ಮಾಡ್ತಿತ್ತು ಅಂತ. ಮನೇಲಿ ಕೇಳೋದು ಮರೆತೇಬಿಟ್ಟೆ."

"ಇದರಲ್ಲಿ ಕೇಳೋದೇನಿದೆ?" ಎಂದರು ಚಿಕ್ಕತ್ತೆ. "ಅತ್ತರೆ ತಾನೇ ತಾಯಿ ಹಾಲು ಕೊಡೋದು? ಹಿರಿಯರು ಸುಮ್ನೆ ಹೇಳಿದ್ದಾರಾ?"

"ಆ ಮಾತನ್ನ ಕೂಸು ಹೇಳಿದ್ದಲ್ಲ ಅಮ್ಮ, ದೊಡ್ಡವರು ಹೇಳಿದ್ದು," ಎಂದು ಸಿಸ್ಟರ್ ನಕ್ಕರು. "ಇವತ್ತು ಒಂದು ಸಂಜೆ ಅದನ್ನೇ ನೋಡ್ತಾ ಇರಿ. ನಾಳೆ ಬರ್ತೀನಿ. ಏನು ಕಂಡಿರಿ ಅಂತ ಹೇಳಿ. ಒಂದು ವಿಷಯ. ಕೂಸಿಗೆ ಜ್ವರ ಬಂದ್ರೆ, ಎಬ್ಬಿಸಿದ್ರೂ ಮಂಕಾಗಿದ್ರೆ, ಹಾಲೇ ಬೇಡ ಅಂದ್ರೆ, ಉಚ್ಚೆ ಕಮ್ಮಿಯಾದ್ರೆ ನಾಳೆವರೆಗೂ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

ಸಂಜೆಯಾಯಿತು. ಟಿ.ವಿ. ಮುಂದಿನಿಂದ ಏಳದ ಚಿಕ್ಕಮಾವ ಅವತ್ತು ತಾವೇ ಸದ್ದು ತಗ್ಗಿಸಿದರು. ಕೂಸು ಚಿಕ್ಕತ್ತೆಯ ಮಡಿಲಲ್ಲಿ ಮಲಗಿತ್ತು. ಹೆಣ್ಣುಮಕ್ಕಳಿಬ್ಬರು ಮೊಣಕಾಲೂರಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಯಾಕಮ್ಮ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ಕೂಸು ಮಿಸುಕಾಡಿತು. ಕಣ್ಣು ಅರ್ಧ ತೆರೆಯಿತು. ಗುಬ್ಬಿಮರಿಯ ಹಾಗೆ ಬಾಯಿ ಕಳೆದು ಮುಚ್ಚಿತು. ಆಮೇಲೆ ತಲೆ ಹೊರಳಿಸಿ ಚಿಕ್ಕತ್ತೆಯ ತೋಳಿಗೆ ಮೂಗು ಉಜ್ಜಿತು. ಆ ಕಡೆ ಒಂದು ಸಲ, ಈ ಕಡೆ ಒಂದು ಸಲ.

"ಏನೋ ಹುಡುಕ್ತಿದೆ!" ಎಂದಳು ಚಿಕ್ಕ ಹುಡುಗಿ.

ಮುಷ್ಟಿ ಮೇಲೆ ಬಂತು. ಎರಡು ಸಲ ಗುರಿ ತಪ್ಪಿ ಕೆನ್ನೆಗೆ ತಗುಲಿ, ಮೂರನೆಯ ಸಲ ಬಾಯಿಗೆ ಸೇರಿತು. ಚಪ್ ಚಪ್ ಎಂದು ಚೀಪತೊಡಗಿತು.

"ಅಯ್ಯೋ ಇದಾ, ಇದು ದಿನಾ ಹೀಗೇ ಆಟ ಆಡುತ್ತೆ. ಕೈ ತಿನ್ನೋ ಕಳ್ಳಿ!" ಎಂದು ಚಿಕ್ಕತ್ತೆ ಅಭ್ಯಾಸದಂತೆ ತೊಡೆ ಅಲ್ಲಾಡಿಸಿದರು. ಮರುಗಳಿಗೆ ತೊಡೆ ತಾನಾಗಿ ನಿಂತಿತು.

"ದಿನಾ ಹೀಗೇ..." ಎಂದು ಮೆಲ್ಲಗೆ ಇನ್ನೊಮ್ಮೆ ಹೇಳಿದರು. "ದಿನಾ ಹೀಗೇ ಮಾಡುತ್ತೆ. ನಾನು ಆಡಿಸ್ತೀನಿ. ಆಮೇಲೆ ಅಕ್ಕನ ಕೈಗೆ ಕೊಡ್ತೀನಿ, ಅಕ್ಕ ಆಡಿಸ್ತಾಳೆ. ಆಮೇಲೆ ಅಳುತ್ತೆ." ಅವರ ದೊಡ್ಡ ಗಂಟಲು ಇಷ್ಟೇ ಇಷ್ಟಾಯಿತು. "ಆಟ ಅಲ್ಲ ಕಣ್ರೇ ಇದು. ಹಾಲು ಕೇಳ್ತಿದೆ. ತಗೊಳ್ಳೇ, ಬೇಗ ತಗೋ!"

ಯಾಕಮ್ಮ ಓಡಿ ಬಂದು ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡು ನಡುಮನೆಯಲ್ಲಿ ಹಾಗೇ ನಿಂತಳು.

"ಯಾಕೆ ನಿಂತೆ?" ಎಂದ ಗಂಡ.

"ಎಲ್ಲಿ ಕೂತ್ಕೊಳ್ಲಿ?"

ಯಾರಿಗೂ ಅರ್ಥವಾಗಲಿಲ್ಲ. ಅವಳ ಕಣ್ಣು ತುಂಬಿತ್ತು, ಮಾತು ಮಾತ್ರ ನಿಲ್ಲಲಿಲ್ಲ.

"ಇಲ್ಲಿ ಎಲ್ರೂ ಇರ್ತೀರ. ಕೋಣೇಲಿ ಮಂಚದ ತುಂಬ ಬ್ಯಾಗು. ಸಂಜೆ ಹೊತ್ತು ಯಾರಾದ್ರೂ ಬಟ್ಟೆ ಬದಲಾಯಿಸ್ತಿರ್ತಾರೆ, ಇಲ್ಲ ಮಲಗಿರ್ತಾರೆ. ಬೆಳಿಗ್ಗೆ ನೀವೆಲ್ಲ ತಿರುಗಾಡೋಕೆ ಹೋದಾಗ ಆರಾಮಾಗಿ ಕೊಡ್ತೀನಿ. ಸಂಜೆ ಜಾಗ ಆಗ್ಲಿ ಅಂತ ಕಾಯ್ತೀನಿ. ಕಾಯೋ ಹೊತ್ತಿಗೆ ಕೂಸು ಅಳೋಕೆ ಶುರು ಮಾಡಿರುತ್ತೆ. ಅಷ್ಟು ಅತ್ತ ಮೇಲೆ ಅದಕ್ಕೆ ಎದೆ ಹಿಡಿಯೋಕೇ ಬರಲ್ಲ. ಎಲ್ರೂ ಬಾಗಿಲಲ್ಲಿ ನಿಂತು ನೋಡ್ತಿದ್ರೆ ನನಗೂ ಸಂಕೋಚ ಆಗುತ್ತೆ. ನೀವು ಕೂಸನ್ನ ನೋಡೋಕೆ ಅಂತಾನೇ ಅಷ್ಟು ದೂರದಿಂದ ಬಂದಿದ್ದೀರ. ಜಾಗ ಬಿಡಿ ಅಂತ ಹೇಗೆ ಹೇಳ್ಲಿ?"

ಮೊದಲು ಎದ್ದವರು ಚಿಕ್ಕಮಾವ. ಕೋಣೆಗೆ ಹೋಗಿ, ಎರಡು ಕೈಗೆ ಎರಡು ಬ್ಯಾಗು, ಕಂಕುಳಿಗೆ ಒಂದು ಬ್ಯಾಗು ಸಿಕ್ಕಿಸಿಕೊಂಡು ಬಂದರು. ಗಂಡ ಬೆನ್ನಿಗೆ ಆಸರೆಯಿರುವ ಕುರ್ಚಿ ತಂದು ಕೋಣೆಯ ಗೋಡೆ ಪಕ್ಕ ಹಾಕಿ ಅವಳನ್ನು ಕೂರಿಸಿದ, ತೋಳಿನ ಕೆಳಗೆ ದಿಂಬು ಇಟ್ಟ. ಅತ್ತೆ ತಂಬಿಗೆಯಲ್ಲಿ ನೀರು ತಂದಿಟ್ಟು, "ಮಧ್ಯಾಹ್ನ ಎಲ್ರಿಗೂ ಬಡಿಸಿ ನೀನು ಅರ್ಧಂಬರ್ಧ ತಿಂದೆ. ನಾನು ನೋಡಿಯೂ ಸುಮ್ನಿದ್ದೆ. ಇನ್ಮೇಲೆ ಮೊದಲ ತಟ್ಟೆ ನಿಂದು," ಎಂದರು. ಹೊರಗೆ ಬಂದು ಬಾಗಿಲು ಮುಂದೆ ಮಾಡಿದರು.

ಕೋಣೆ ನಿಶ್ಶಬ್ದವಾಗಿತ್ತು. ಕೂಸು ಇನ್ನೂ ಅತ್ತಿರಲಿಲ್ಲ. ಯಾಕಮ್ಮ ಅದರ ಹೊಟ್ಟೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅದು ದೊಡ್ಡದಾಗಿ ಬಾಯಿ ತೆರೆದು ಹಿಡಿದುಕೊಂಡಿತು. ಮೊದಲು ಬೇಗಬೇಗ ಚೀಪಿತು, ಆಮೇಲೆ ನಿಧಾನವಾಯಿತು. ಆಗ ಅವಳಿಗೆ ಒಂದು ಸಣ್ಣ ಸದ್ದು ಕೇಳಿಸಿತು. ಗುಟುಕ್. ಒಂದು ಬಿಡುವು. ಮತ್ತೆ ಗುಟುಕ್. ಇಷ್ಟು ದಿನ ಅಳು, ಟಿ.ವಿ., ಮಾತಿನ ಗದ್ದಲದಲ್ಲಿ ಆ ಸದ್ದು ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಹಾಲು ಹೋಗುತ್ತಿದೆ. ತನ್ನ ಹಾಲು. ಅವಳು ಉಸಿರು ಬಿಗಿಹಿಡಿದು ಕೇಳಿದಳು.

ಅವತ್ತು ಕೂಸು ಒಂದೇ ಸಲಕ್ಕೆ ಮಲಗಿಬಿಟ್ಟಿತು ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಹೊತ್ತಿಗೇ ಮತ್ತೆ ಬಾಯಿ ಕಳೆಯಿತು. "ಈಗ ತಾನೇ ಕುಡೀತಲ್ಲೇ!" ಎಂದು ಅತ್ತೆ ಬೆರಗಾದರು. "ಸಂಜೆ ಮೇಲಿಂದ ಮೇಲೆ ಕೇಳುತ್ತೆ ಅಂತ ಸಿಸ್ಟರ್ ಹೇಳಿದ್ರಲ್ಲ," ಎಂದು ನೆನಪಿಸಿದವರು ಯಾರು ಗೊತ್ತೇ? ಚಿಕ್ಕತ್ತೆ! ನಡುವೆ ಕೂಸು ಒಂದಿಷ್ಟು ರಚ್ಚೆಯನ್ನೂ ಹಿಡಿಯಿತು. ಸೂರು ಹಾರಿಸುವ ಆ ಅಳು ಮಾತ್ರ ಬರಲಿಲ್ಲ.

ಮರುದಿನ ಸಿಸ್ಟರ್ ಹೊಸಿಲು ದಾಟುವ ಮೊದಲೇ ಚಿಕ್ಕತ್ತೆ ವರದಿ ಶುರುಮಾಡಿದರು. ಬರೀ ಬಾಯಿಮಾತಲ್ಲ. ತಾವೇ ಬಾಯಿ ಕಳೆದು, ತಲೆ ಆ ಕಡೆ ಈ ಕಡೆ ಹೊರಳಿಸಿ, ಮುಷ್ಟಿ ಚೀಪಿ ತೋರಿಸಿದರು. ಮಕ್ಕಳು ಬಿದ್ದೂ ಬಿದ್ದೂ ನಕ್ಕರು.

"ನಾನು ಹೇಳಬೇಕಾದ್ದನ್ನೆಲ್ಲ ನೀವೇ ಹೇಳಿಬಿಟ್ರಿ," ಎಂದರು ಸಿಸ್ಟರ್. "ಅಳು ಅನ್ನೋದು ಕೂಸು ಕರೆಯೋ ಕೊನೇ ಕರೆ. ಅದಕ್ಕೂ ಮುಂಚೆ ಪಾಪ ಎಷ್ಟೋ ಸಲ ಕರೆದಿರುತ್ತೆ. ಅತ್ತು ಸುಸ್ತಾಗಿದ್ರೆ ಮೊದಲು ಎದೆಗೊರಗಿಸಿ ಸಮಾಧಾನ ಮಾಡಿ, ಆಮೇಲೆ ಹಾಲು ಕೊಡಿ."

"ನೀರು ಕೊಡಬಹುದಾ ಸಿಸ್ಟರ್? ಸೆಕೆ ಬೇರೆ," ಎಂದು ಯಾಕಮ್ಮ ಕೇಳಿದಳು.

"ಆರು ತಿಂಗಳು ತುಂಬೋವರೆಗೆ ನೀರೂ ಬೇಡ. ನಿಮ್ಮ ಹಾಲಲ್ಲೇ ನೀರಿದೆ."

"ಹುಟ್ಟಿದ ಕೂಸಿಗೆ ಬಾಯಿ ಎಲ್ಲಿದೆ, ಕೈ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಯಾಕಮ್ಮ ವಾಪಸ್ ಬಂದ್ಲಪ್ಪಾ!" ಎಂದು ಗಂಡ ಕೈಮುಗಿದ.

ಚಿಕ್ಕತ್ತೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಇದನ್ನ ಅಂಗಡಿಗೆ ವಾಪಸ್ ಕೊಟ್ಟು ಬರ್ತೀನಿ," ಎಂದರು.

"ಕೊಡಿ ಅಮ್ಮ. ಆದ್ರೆ ಅದನ್ನ ಬಚ್ಚಿಡಬೇಕಾಗಿಲ್ಲ. ಕೆಲವು ಕೂಸುಗಳಿಗೆ ಡಾಕ್ಟರೇ ನೋಡಿ ಬೇಕು ಅಂತಾರೆ. ಅಂಥ ತಾಯಿ ನಾಚಿಕೆ ಪಡಬಾರದು. ತೂಕ ನೋಡದೆ, ಉಚ್ಚೆ ನೋಡದೆ ನಾವಾಗಿ ನಾವೇ ಹಾಲು ಸಾಲ್ತಿಲ್ಲ ಅಂತ ತೀರ್ಮಾನ ಮಾಡಬಾರದು ಅಷ್ಟೆ."

ರಜೆ ಮುಗಿಯುವ ತನಕ ಆ ಮನೆಯಲ್ಲಿ ಕೂಸಿಗೆ ಕಾವಲೋ ಕಾವಲು. ಅದು ಬಾಯಿ ಕಳೆದರೆ ಸಾಕು, "ಅತ್ತೇ, ಕೇಳ್ತಿದೆ! ಕೇಳ್ತಿದೆ!" ಎಂದು ಹುಡುಗಿಯರು ಅಡುಗೆಮನೆಗೆ ಓಡುತ್ತಿದ್ದರು. ಯಾಕಮ್ಮನ ಕೈಯಿಂದ ಸೌಟು ಯಾರೋ ತೆಗೆದುಕೊಳ್ಳುತ್ತಿದ್ದರು. ಅದು ಯಾರು ಎಂದು ಅವಳು ತಿರುಗಿ ನೋಡುವ ಅಗತ್ಯವೂ ಇರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈ ರಜೆಗೆ ನೀವೂ ಯಾರದಾದರೂ ಕೂಸನ್ನು ನೋಡಲು ಹೋಗುತ್ತೀರಿ. ಕೈ ತೊಳೆದುಕೊಂಡು ಎತ್ತಿಕೊಳ್ಳಿ, ಮುದ್ದಾಡಿ. ಅದು ತಲೆ ಹೊರಳಿಸಿ ಹುಡುಕಿದರೆ, ಬಾಯಿ ಕಳೆದರೆ, ಮುಷ್ಟಿ ಚೀಪಿದರೆ ಇನ್ನೊಬ್ಬರ ಕೈಗೆ ದಾಟಿಸಬೇಡಿ. ತಾಯಿಯ ಕೈಗೆ ಕೊಡಿ. "ಹಾಲು ಸಾಲ್ತಿದೆಯಾ?" ಎಂದು ಅವಳನ್ನು ಕೇಳುವ ಮುಂಚೆ, "ಕೂತ್ಕೊಳ್ಳೋಕೆ ಜಾಗ ಇದೆಯಾ, ಊಟ ಆಯ್ತಾ?" ಎಂದು ಕೇಳಿ. ಅನುಮಾನವಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೂಕ ಮಾಡಿಸಿ. ನಿಮ್ಮ ಮನೆಯಲ್ಲೇ ಕೂಸಿದ್ದರೆ ನಾಳೆಯವರೆಗೆ ಕಾಯುವುದೇಕೆ? ಟಿ.ವಿ. ಸದ್ದು ತಗ್ಗಿಸಿ, ಇವತ್ತು ಸಂಜೆಯೇ ಅದರ ಪಕ್ಕದಲ್ಲಿ ಕೂತು ನೋಡಿ. ಅದು ನಿಮಗೆ ಏನೋ ಹೇಳುತ್ತಿರುತ್ತದೆ.